ಎತ್ತಿ ನೋಡಿದ ತೂಕ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಜ್ವರದಿಂದ ಶುರು ಮಾಡಬಹುದು. ಬೆಲ್ಲದಿಂದ ಮಾಡಬಹುದು. ತಕ್ಕಡಿಯಿಂದ ಶುರು ಮಾಡಿದರೆ ವಿಮರ್ಶಕರು ತಕ್ಷಣ ‘ರೂಪಕ’ ಅಂದುಬಿಡುತ್ತಾರೆ, ಅದು ಬೇಡ. ನಿಮ್ಮನ್ನೇ ಕೇಳೋಣ ಅಂದರೆ ನೀವು ಓದುಗರು, ಹಾಯಾಗಿ ಕಾಲು ಚಾಚಿ ಕೂತಿದ್ದೀರಿ. ಶುರು ಮಾಡುವ ಕರ್ಮ ನನ್ನದು.

ನಿಜ ಹೇಳಿಬಿಡುತ್ತೇನೆ. ನಾನು ಕಥೆ ಬರೆಯಲು ಕೂತವನೇ ಅಲ್ಲ. ಪತ್ರಿಕೆಯೊಂದರ ಸಂಪಾದಕರು ಫೋನ್ ಮಾಡಿದ್ದರು. “ದೀಪಾವಳಿ ಸಂಚಿಕೆಗೆ ಏನಾದ್ರೂ ಕೊಡಿ ಸಾರ್. ಕಥೆ ಬೇಡ, ಯಾರೂ ಓದಲ್ಲ. ಹೆಲ್ತ್ ಬಗ್ಗೆ ಬರೀರಿ. ಹಬ್ಬದಲ್ಲಿ ತೂಕ ಏರದ ಹಾಗೆ ನೋಡ್ಕೊಳ್ಳೋದು ಹೇಗೆ ಅಂತ. ಲೈಟಾಗಿರ್ಲಿ.” ಆಗಲಿ ಅಂದೆ. ಇತ್ತೀಚೆಗೆ ನಾನು ಎಲ್ಲದಕ್ಕೂ ಆಗಲಿ ಅನ್ನುತ್ತೇನೆ. ಬೇಡ ಅನ್ನುವುದಕ್ಕೆ ಹೆಚ್ಚು ಶಕ್ತಿ ಬೇಕು.

ಅಲ್ಲದೆ ಈ ವಿಷಯದಲ್ಲಿ ನನಗೊಂದು ಅರ್ಹತೆಯೂ ಇದೆ. ಡಾಕ್ಟರು ನನ್ನನ್ನು ಮೆಷಿನ್ ಮೇಲೆ ನಿಲ್ಲಿಸಿ, ಮುಖ ಸಿಂಡರಿಸಿ, “ಹಬ್ಬ ಮುಗಿಯೋವರೆಗೆ ಬಾಯಿ ಕಟ್ಟಿ” ಅಂದಿದ್ದಾರೆ. ನನ್ನ ಹೆಂಡತಿ ಕಜ್ಜಾಯದ ಡಬ್ಬಿಯನ್ನು ಅಟ್ಟದ ಮೇಲೆ, ನನ್ನ ಕೈಗೆ ಎಟುಕದ ಕಡೆ ಇಟ್ಟಿದ್ದಾಳೆ. ವಾಸನೆ ಮಾತ್ರ ಕೆಳಗೆ ಬರುತ್ತದೆ.

ಹಾಗಾಗಿ ಬರೆದೆ: ‘ಹಬ್ಬದ ದಿನಗಳಲ್ಲಿ ತೂಕ ಏರದಿರಲು ಕೆಲವು ಸುಲಭ ಸೂತ್ರಗಳು. ಮೊದಲನೆಯದು, ಊಟಕ್ಕೆ ಕೂರುವ ಮುಂಚೆ ಎರಡು ಲೋಟ ನೀರು ಕುಡಿಯಿರಿ. ಹಸಿವು ತಗ್ಗುತ್ತದೆ.’

“ತಗ್ಗಲ್ಲ ತಾತ” ಅಂತ ಒಂದು ದನಿ ಬಂತು. “ಹೊಟ್ಟೆ ಗುಳುಗುಳು ಅನ್ನುತ್ತೆ, ಅಷ್ಟೆ. ನಮ್ಮಮ್ಮಾನೂ ಅದೇ ಮಾಡಿಸ್ತಿದ್ಲು.”

ನೋಡಿದರೆ ಕಾಗದದ ಅಂಚಿನಲ್ಲಿ ಒಂದು ಹುಡುಗಿ ಕೂತಿದ್ದಾಳೆ. ಹದಿಮೂರರ ಪ್ರಾಯ. ಜ್ವರಕ್ಕೆ ಉದುರಿದ ತಲೆಗೂದಲು ಈಗಷ್ಟೇ ಚಿಗುರುತ್ತಿದೆ. ಮಾಸಿದ ಹಸಿರು ಲಂಗ. ಕಣ್ಣು ಮಾತ್ರ ನನ್ನ ಅಟ್ಟದ ಕಡೆಗೇ ಇದೆ.

“ಯಾರಮ್ಮ ನೀನು?”

“ರತ್ನ. ಗಂಗರತ್ನಮ್ಮ ಅಂತ ಹೆಸರು. ಬೈರಕೂರು ಕಡೆಯವಳು. ಅದೇನು ವಾಸನೆ, ಕಜ್ಜಾಯಾನಾ?”

(ಅವಳಿರುವ ವರ್ಷ ೧೯೪೩. ಹಾಗೆ ಲೆಕ್ಕ ಹಾಕಿದರೆ ಅವಳು ನನಗಿಂತ ಎಷ್ಟೋ ದೊಡ್ಡವಳು, ನಾನೇ ಅವಳನ್ನು ಅಜ್ಜಿ ಅನ್ನಬೇಕು. ಆದರೆ ಅವಳು ಹದಿಮೂರಕ್ಕೆ ನಿಂತುಬಿಟ್ಟಿದ್ದಾಳೆ, ನಾನು ನಿಲ್ಲಲಿಲ್ಲ. ತಾತ ಅಂದರೆ ಅನ್ನಿಸಿಕೊಳ್ಳಬೇಕು.)

೨

ಸರಿ, ಜ್ವರದಿಂದಲೇ ಶುರು ಮಾಡೋಣ.

ರತ್ನನ ಅಪ್ಪ ಸುಬ್ಬರಾಯಪ್ಪನಿಗೆ ಬಾವಿಯ ಪಕ್ಕದಲ್ಲಿ ಒಂದು ತುಂಡು ಕಬ್ಬಿನ ಗದ್ದೆ. ಆ ಬೇಸಿಗೆಯ ಕೊನೆಯಲ್ಲಿ ಕಬ್ಬು ಕಡಿದು ಗಾಣ ಹೂಡಿದ್ದರು, ಬೆಲ್ಲ ಕಾಯಿಸುತ್ತಿದ್ದರು. ಅದೇ ಹೊತ್ತಿಗೆ ಮನೆಯಲ್ಲಿ ಮಗಳು ಮಲಗಿದಳು. ವಿಷಮಶೀತ ಜ್ವರ. ಆಗ ಅದಕ್ಕೆ ಮದ್ದು ಅಂದರೆ ಪಥ್ಯ, ಪಥ್ಯ ಅಂದರೆ ಉಪವಾಸ. ದಿನಕ್ಕೆ ಒಂದಿಷ್ಟು ಬಾರ್ಲಿ ನೀರು. ಹುಡುಗಿ ಹಾಸಿಗೆಯಲ್ಲಿ ಇದ್ದಾಳೋ ಇಲ್ಲವೋ ಅಂತ ಕೈ ಆಡಿಸಿ ನೋಡಬೇಕಾದ ಸ್ಥಿತಿಗೆ ಬಂದಳು.

ತಾಯಿ ಆವಲಮ್ಮ ಈ ಮಗಳಿಗಿಂತ ಮೊದಲು ಇಬ್ಬರನ್ನು ಕಳೆದುಕೊಂಡಿದ್ದವಳು. ಒಂದು ದಿನ ರತ್ನ ಕರೆದರೂ ಕಣ್ಣು ಬಿಡಲಿಲ್ಲ. ಆವಲಮ್ಮ ಅಂಗಳಕ್ಕೆ ಓಡಿಬಂದು, ಗುಡಿಯಿದ್ದ ಬೆಟ್ಟದ ಕಡೆ ತಿರುಗಿ, ಸೆರಗು ಚಾಚಿ ಕಿರುಚಿದಳು. “ಸ್ವಾಮೀ ವೆಂಕಟರಮಣಾ! ಇದೊಂದನ್ನ ಉಳಿಸಿಕೊಡು. ಅವಳ ತೂಕದಷ್ಟು ಬೆಲ್ಲ, ನಮ್ಮ ಗದ್ದೆ ಕಬ್ಬಿಂದೇ, ಕಾರ್ತಿಕದ ಕೊನೇ ಶನಿವಾರ ನಿನ್ನ ಮುಂದೆ ತೂಗಿ ಒಪ್ಪಿಸ್ತೀನಿ!”

ಕೇಳಿಸಿಕೊಂಡ ಸುಬ್ಬರಾಯಪ್ಪ ತಡ ಮಾಡಲಿಲ್ಲ. ಹರಕೆ ಬಾಯಲ್ಲಿ ಉಳಿದರೆ ದೇವರಿಗೆ ನಂಬಿಕೆ ಬರುವುದಿಲ್ಲ, ಮುಡಿಪು ಕಟ್ಟಿ ಎತ್ತಿಡಬೇಕು ಅಂತ ಅವನ ತಿಳಿವಳಿಕೆ. ಮಗಳನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಗಾಣದ ಹತ್ತಿರ ಹೋದ. ಹುಣಸೆ ಕೊಂಬೆಗೆ ದೊಡ್ಡ ತಕ್ಕಡಿ ತೂಗುಹಾಕಿತ್ತು. ಒಂದು ತಟ್ಟೆಯಲ್ಲಿ ಕಂಬಳಿಯ ಗಂಟು, ಇನ್ನೊಂದರಲ್ಲಿ ಬಿಸಿ ಆರದ ಅಚ್ಚುಬೆಲ್ಲ. ಮುಳ್ಳು ಮಧ್ಯಕ್ಕೆ ಬಂದು ನಿಂತಿತು. ಆ ಬೆಲ್ಲವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಬಿದಿರಿನ ಮಂಕರಿಗೆ ಹಾಕಿ, ಮನೆಯ ತೊಲೆಗೆ ತೂಗುಬಿಟ್ಟರು. ಮಿಕ್ಕ ಬೆಲ್ಲ ಗಾಡಿ ಹತ್ತಿ ಮುಳಬಾಗಿಲ ಮಂಡಿಗೆ ಹೋಯಿತು.

ಅವತ್ತು ಸಂಜೆಗೇ ಜ್ವರ ಇಳಿಯಿತು. ಹಾಗಾಗಿ ಮಾಡಿದ್ದು ತಪ್ಪು ಅಂತ ಯಾರಿಗೂ ಹೊಳೆಯಲಿಲ್ಲ.

ತಪ್ಪು ಏನು ಅಂತ ನಿಮಗೆ ಹೊಳೆದಿದೆ, ಗೊತ್ತು. ತೂಗಿದ್ದು ಹುಡುಗಿ ಮೂಳೆಯಾಗಿದ್ದಾಗ. ಹರಕೆ ಸಲ್ಲಿಸಬೇಕಾದ್ದು ಕಾರ್ತಿಕದಲ್ಲಿ, ದೇವರ ಎದುರಿಗೆ ಇನ್ನೊಂದು ಸಲ ತೂಗಿ. ಅಷ್ಟರಲ್ಲಿ ಹುಡುಗಿ ಮೈ ತುಂಬಿಕೊಂಡರೆ? ಕಟ್ಟಿದ ಮುಡಿಪನ್ನು ಬಿಚ್ಚಿ ಸೇರಿಸುವ ಹಾಗಿಲ್ಲ, ಮೊದಲು ಹೇಳಿದ ಮಾತು ಸುಳ್ಳು ಅಂತ ದೇವರಿಗೆ ಹೇಳಿದ ಹಾಗೆ. ಪಕ್ಕದಲ್ಲಿ ಬೇರೆ ಬೆಲ್ಲ ಇಡೋಣ ಅಂದರೆ ಅವರ ಗದ್ದೆಯಲ್ಲಿ ಕಬ್ಬು ಮತ್ತೆ ಬೆಳೆದು ನಿಲ್ಲುವುದು ಮುಂದಿನ ವರ್ಷ. ಕೊಳ್ಳೋಣ ಅಂದರೆ ಹರಕೆ ಆಡಿದ್ದು ‘ನಮ್ಮ ಗದ್ದೆ’ ಅಂತ, ಅದೂ ಅಲ್ಲದೆ ಯುದ್ಧದ ಕಾಲ, ಅಂಗಡಿಯಲ್ಲಿ ಸಕ್ಕರೆಯೂ ಇಲ್ಲ ಬೆಲ್ಲವೂ ಇಲ್ಲ.

ಮತ್ತೆ ಆ ದೇವರೋ, ಸಾಮಾನ್ಯನಲ್ಲ. ತೆಲುಗಿನಲ್ಲಿ ಅವನಿಗೆ ವಡ್ಡಿಕಾಸುಲವಾಡು ಅನ್ನುತ್ತಾರೆ. ಹರಕೆಯನ್ನು ಬಡ್ಡಿ ಸಮೇತ ವಸೂಲಿ ಮಾಡುವವನು. ತಟ್ಟೆ ಸಮಕ್ಕೆ ಬರದಿದ್ದರೆ ಕೊಟ್ಟದ್ದನ್ನು ಅವನು ವಾಪಸ್ಸು ತಗೊಳ್ಳುತ್ತಾನೆ. ಇದರಲ್ಲಿ ಆವಲಮ್ಮನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

(ಇಲ್ಲಿಗೆ ನಿಲ್ಲಿಸಿ ಟೀ ಕುಡಿದು ಬಂದೆ. ಸಕ್ಕರೆ ಇಲ್ಲದ್ದು.)

೩

ಮೂರನೆಯ ಭಾಗ ಕೈಬಿಟ್ಟಿದ್ದೇನೆ. ಅದರಲ್ಲಿ ೧೯೪೩ರ ಬಗ್ಗೆ ಒಂದು ಪ್ಯಾರಾ ಇತ್ತು: ಬಂಗಾಳದಲ್ಲಿ ಜನ ಅನ್ನವಿಲ್ಲದೆ ಬೀದಿಯಲ್ಲಿ ಬಿದ್ದಿದ್ದರು, ಅಂಥ ವರ್ಷದಲ್ಲಿ ದಪ್ಪ ಆಗದಿರುವುದು ಹೇಗೆ ಅಂತ ಒಂದು ಮನೆ ತಲೆ ಕೆಡಿಸಿಕೊಂಡಿತ್ತು, ಇತ್ಯಾದಿ. ಬುದ್ಧಿವಂತಿಕೆಯ ಪ್ಯಾರಾ. ಓದಿ ನನಗೇ ಸುಸ್ತಾಯಿತು.

“ನನ್ನ ಊಟದ ವಿಷಯಕ್ಕೆ ಬಾ ತಾತ” ಅಂದಳು ರತ್ನ.

೪

ಜ್ವರ ಬಿಟ್ಟ ಮೇಲಿನ ಹಸಿವು ಎಂಥದು ಅಂತ ಅನುಭವಿಸಿದವರಿಗೇ ಗೊತ್ತು. ಮೊದಲು ಆವಲಮ್ಮ ಖುಷಿಯಾಗಿಯೇ ಇಕ್ಕಿದಳು. ಗಂಜಿ, ಆಮೇಲೆ ಮೆತ್ತಗಿನ ಮುದ್ದೆ, ಸೊಪ್ಪಿನ ಸಾರು, ಮೇಲೆ ಒಂದು ತೊಟ್ಟು ತುಪ್ಪ. ರತ್ನ ತಿನ್ನುವುದನ್ನು ನೋಡುತ್ತಾ ಅವಳು ಗೋಡೆಗೆ ಒರಗಿ ಕೂರುತ್ತಿದ್ದಳು. ಅವಳ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ದಿನಗಳು ಬಂದದ್ದಿಲ್ಲ.

ಗೌರಿ ಹಬ್ಬಕ್ಕೆ ಶ್ರೀನಿವಾಸಪುರದಿಂದ ಸುಬ್ಬರಾಯಪ್ಪನ ಅಕ್ಕ ಮುತ್ಯಾಲಮ್ಮ ಬಂದಳು. ಗಾಡಿ ಇಳಿಯುತ್ತಲೇ ರತ್ನನ ಕೆನ್ನೆ ಹಿಂಡಿ, “ಏನೇ ಇದು! ಸತ್ತೇ ಹೋದ್ಲು ಅಂದ್ರು, ಇವಳು ನೋಡಿದ್ರೆ ತುಂಬ್ಕೊಂಡು ಕೂತವ್ಳೆ. ಚೆನ್ನಾಗಿ ಇಕ್ಕಿದ್ದೀಯ ಬಿಡು ಆವಲಮ್ಮ” ಅಂದಳು.

ಹೊಗಳಿಕೆ. ಅತ್ತೆಯೊಬ್ಬಳು ಪ್ರೀತಿಯಿಂದ ಆಡುವ ಮಾತು. ಆವಲಮ್ಮನ ಕೈಯಲ್ಲಿದ್ದ ಸೌಟು ಮಾತ್ರ ಅಲ್ಲೇ ನಿಂತಿತು. ಅವಳು ತಲೆಯೆತ್ತಿ ತೊಲೆಯಲ್ಲಿ ತೂಗುತ್ತಿದ್ದ ಮಂಕರಿ ನೋಡಿದಳು. ಆಮೇಲೆ ಮಗಳನ್ನು ನೋಡಿದಳು.

ಎಣ್ಣೆನೀರು ಹಾಕುವ ನೆಪದಲ್ಲಿ ಬಚ್ಚಲಿಗೆ ಕರೆದುಕೊಂಡು ಹೋಗಿ, ಮಗಳ ಸೊಂಟಕ್ಕೆ ಎರಡೂ ಕೈ ಹಾಕಿ, ನೆಲದಿಂದ ಮೇಲಕ್ಕೆತ್ತಿದಳು. ಒಂದು ಗಳಿಗೆ ಹಿಡಿದುಕೊಂಡು ಇಳಿಸಿದಳು.

“ಏನಮ್ಮ?”

“ಏನಿಲ್ಲ ತಲ್ಲೀ. ನೀರು ಹುಯ್ಕೊ.”

ಮುತ್ಯಾಲಮ್ಮ ತಂದಿದ್ದ ಒಬ್ಬಟ್ಟು ಅವತ್ತು ರತ್ನನ ಎಲೆಗೆ ಬೀಳಲಿಲ್ಲ.

೨ (ಹೌದು, ಮತ್ತೆ ಎರಡು. ಇದು ಲೇಖನದ ಎರಡನೆಯ ಸೂತ್ರ.)

‘ಚಿಕ್ಕ ತಟ್ಟೆ ಬಳಸಿ.’ ಆವಲಮ್ಮ ಮುತ್ತುಗದ ಎಲೆಯ ದೊನ್ನೆ ಹಚ್ಚಿ ಅದರಲ್ಲಿ ಇಕ್ಕಿದಳು. ‘ಹಬ್ಬದ ಮನೆಗೆ ಹೋಗುವ ಮುಂಚೆ ಹಗುರವಾಗಿ ಏನಾದರೂ ತಿಂದು ಹೋಗಿ.’ ರಾಗಿ ಅಂಬಲಿ ಕುಡಿಸಿ, ಬಾಯಿ ಒರೆಸಿ, ನೆಂಟರ ಮನೆಗೆ ಕರೆದೊಯ್ದಳು. ‘ನಡೆಯಿರಿ.’ ಹತ್ತಿರದ ಬಾವಿ ಬಿಟ್ಟು ದೂರದ ಬಾವಿಯಿಂದ ನೀರು ತರಿಸಿದಳು. ‘ಬೇಡ ಅನ್ನುವುದನ್ನು ಕಲಿಯಿರಿ.’ ಅದನ್ನು ರತ್ನನ ಪರವಾಗಿ ತಾನೇ ತೆಲುಗಿನಲ್ಲಿ ಅಂದಳು: “ವದ್ದು ಅಕ್ಕಾ, ಇನ್ನೂ ಪಥ್ಯ. ವದ್ದು.” ಮಹಾಲಯಕ್ಕೆ ಹಿರಿಯರಿಗೆ ಎಡೆ ಇಟ್ಟಾಗ ವಡೆ, ಹಪ್ಪಳ, ವದ್ದು. ಆಯುಧಪೂಜೆಯ ದಿನ ಪಕ್ಕದ ಮನೆಯವರು ತಂದುಕೊಟ್ಟ ಚಿತ್ರಾನ್ನವೂ ವದ್ದು.

‘ಪ್ರತಿ ವಾರ ತೂಕ ನೋಡಿಕೊಳ್ಳಿ.’ ನೋಡಿಕೊಂಡಳು. ಪ್ರತಿ ಶುಕ್ರವಾರ ಬಚ್ಚಲಲ್ಲಿ ಮಗಳನ್ನು ಎತ್ತಿ ನೋಡಿದಳು.

ನಾನು ಈ ಸೂತ್ರಗಳನ್ನು ಎಲ್ಲಿಂದ ಕದ್ದೆ ಅಂತ ಸಂಪಾದಕರು ಕೇಳಿದರೆ ಹೇಳುವುದು ಕಷ್ಟ. ಇಂಟರ್‌ನೆಟ್ಟಿನಲ್ಲಿವೆ. ಬಚ್ಚಲಲ್ಲೂ ಇದ್ದವು.

೫

“ಒಂದು ಒಬ್ಬಟ್ಟು ಬರಿ ತಾತ. ನಿನ್ನ ಗಂಟೇನು ಹೋಗುತ್ತೆ? ಸುಬ್ಬರಾಯಪ್ಪ ಅತ್ತ ಇತ್ತ ನೋಡಿ ಮಗಳಿಗೆ ಒಂದು ಒಬ್ಬಟ್ಟು ಕೊಟ್ಟ ಅಂತ ಬರಿ. ಅಷ್ಟು ಸಾಕು.”

ಬರೆದೆ. ಸುಬ್ಬರಾಯಪ್ಪ ಅತ್ತ ಇತ್ತ ನೋಡಿ, ಪಂಚೆಯ ಮಡಿಲಲ್ಲಿ ಮುಚ್ಚಿಟ್ಟುಕೊಂಡು ಬಂದ ಒಬ್ಬಟ್ಟನ್ನು ಹಿತ್ತಲಲ್ಲಿ ಮಗಳ ಕೈಗಿಟ್ಟ. ರತ್ನ ತಿಂದಳು. ಬೆರಳೂ ನೆಕ್ಕಿದಳು. ಶುಕ್ರವಾರ ಬಂತು. ಆವಲಮ್ಮ ಎತ್ತಿ ನೋಡಿದಳು. ಹೋದ ವಾರಕ್ಕಿಂತ ಭಾರ. ಮರುದಿನದಿಂದ ರಾತ್ರಿಯ ಮುದ್ದೆಯೂ ಅರ್ಧವಾಯಿತು.

“ಬೇಡ ಬೇಡ, ಹೊಡೆದುಹಾಕು” ಅಂದಳು ರತ್ನ. ಹೊಡೆದುಹಾಕಿದೆ. ಒಬ್ಬಟ್ಟು ಹೋಯಿತು. ಆದರೂ ಶುಕ್ರವಾರ ಬಂತು, ಆವಲಮ್ಮ ಎತ್ತಿ ನೋಡಿದಳು, ಹೋದ ವಾರಕ್ಕಿಂತ ಭಾರ.

ಇದೇಕೆ ಹೀಗೆ ಅಂತ ನನಗೂ ಅರ್ಥವಾಗಲಿಲ್ಲ. ತಿಂದರೂ ಭಾರ, ತಿನ್ನದಿದ್ದರೂ ಭಾರ. ಬೆಳೆಯುವ ವಯಸ್ಸು, ಗಾಳಿ ಕುಡಿದರೂ ಬೆಳೆಯುತ್ತಾರೆ ಅಂದುಕೊಂಡು ಮುಂದಕ್ಕೆ ಹೋದೆ. ಮುದ್ದೆ ಅರ್ಧ ಆದದ್ದು ಅರ್ಧವೇ ಉಳಿಯಿತು.

(ಓದುಗರಲ್ಲಿ ಯಾರೋ ಒಬ್ಬರು ಸಿಟ್ಟಾಗಿದ್ದಾರೆ. ‘ಇದೆಂಥ ತಾಯಿ ರೀ?’ ನಾನೂ ಅವಳನ್ನು ಹಾಗೇ ಕೇಳಿದೆ.)

ಆವಲಮ್ಮ ನನ್ನ ಮುಂದೆ ನಿಂತಳು. ತಲೆ ಮೇಲೆ ಸೆರಗು, ಕೈಯಲ್ಲಿ ಪೊರಕೆ. ಬರಹಗಾರರ ಬಗ್ಗೆ ಅವಳಿಗೆ ಭಯ ಇಲ್ಲ ಅಂತ ಕಂಡಿತು.

“ಸ್ವಾಮಿ, ನಿಮಗೆ ಎಷ್ಟು ಮಕ್ಕಳು?”

“ಇಬ್ಬರು.”

“ಬದುಕವ್ರಾ?”

“ಇದ್ದಾರೆ.”

“ನನ್ನವು ಇಬ್ಬರು ಇಲ್ಲ. ಮೊದಲನೇದಕ್ಕೆ ಹಾಲು ಬಿಡಿಸಿರಲಿಲ್ಲ. ಎರಡನೇದು ನಡೀತಿತ್ತು, ಹೊಸ್ತಿಲು ದಾಟೋದು ಕಲಿತಿತ್ತು. ಆಗ ನಾನು ಯಾವ ದೇವರಿಗೂ ಏನೂ ಕೇಳ್ಲಿಲ್ಲ ಸ್ವಾಮಿ, ಬುದ್ಧಿ ಇರಲಿಲ್ಲ. ಈ ಸಲ ಕೇಳ್ದೆ, ಕೊಟ್ಟ. ಈಗ ಮಾತು ತಪ್ಪಿದ್ರೆ ಅವನು ಬಿಡ್ತಾನಾ? ಹುಡುಗಿ ನಾಲ್ಕು ದಿನ ಹಸ್ಕೊಂಡಿದ್ರೆ ಸಾಯಲ್ಲ. ಅವನು ಎತ್ತಿಕೊಂಡ್ರೆ ಸಾಯ್ತಾಳೆ. ನೀವು ಒಂದು ಸಾಲು ಬರ್ದು ಪುಟ ತಿರುಗಿಸ್ತೀರಿ. ನನಗೆ ತಿರುಗಿಸಕ್ಕೆ ಯಾವ ಪುಟ ಐತೆ?”

ಅವಳು ಅಂಗಳ ಗುಡಿಸಲು ಹೋದಳು. ನಾಲ್ಕು ಸಲ ಪೊರಕೆ ಆಡಿಸಿ, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಗುಡಿಸಿದಳು. ನಾನು ಅದನ್ನು ಸುಮ್ಮನೆ ಒಂದು ವಿವರ ಅಂತ ಬರೆದಿಟ್ಟುಕೊಂಡೆ.

೬

ದೀಪಾವಳಿ ಬಂತು. ನಮ್ಮ ಕಡೆ ದೀಪಾವಳಿ ಅಂದರೆ ಪಟಾಕಿ ಅಲ್ಲ, ನೋಮು. ಹೊಸ ಮಂಕರಿಯಲ್ಲಿ ಕಜ್ಜಾಯ ತುಂಬಿ, ಮಡಿಯಲ್ಲಿ ಗುಡಿಗೆ ಹೊತ್ತು, ಪೂಜೆ ಮಾಡಿಸಿ, ನೋಮುದಾರವನ್ನು ಮುಂಗೈಗೆ ಕಟ್ಟಿಕೊಂಡು ಬರಬೇಕು. ಕಜ್ಜಾಯ ಇಲ್ಲದೆ ನೋಮು ಇಲ್ಲ, ಬೆಲ್ಲ ಇಲ್ಲದೆ ಕಜ್ಜಾಯ ಇಲ್ಲ. ಮನೆಯಲ್ಲಿ ಬೆಲ್ಲ ಅಂತ ಇದ್ದದ್ದು ತೊಲೆಯಲ್ಲಿ ತೂಗುತ್ತಿದ್ದ ಮುಡಿಪು ಒಂದೇ. ಅದನ್ನು ಮುಟ್ಟುವ ಮಾತೇ ಇಲ್ಲ. ಕೊನೆಗೆ ಮುತ್ಯಾಲಮ್ಮ ಶ್ರೀನಿವಾಸಪುರದಿಂದ ಎಲ್ಲೋ ಹೊಂದಿಸಿ ಒಂದಿಷ್ಟು ಬೆಲ್ಲ ತಂದಳು. ಅತ್ತಿಗೆ ನಾದಿನಿ ಸೇರಿ ಪಾಕ ಹಿಡಿದರು. ಎಣ್ಣೆ ಕಾದಿತು.

ರತ್ನ ಹಿತ್ತಲಿನ ಒರಳುಕಲ್ಲಿನ ಮೇಲೆ ಕೂತಿದ್ದಳು. ಅಡುಗೆಮನೆಯ ಹೊಗೆಕಿಂಡಿ ಆ ಕಡೆಗೇ ಇತ್ತು.

“ನಾನೇನು ಮಾಡ್ದೆ ಗೊತ್ತಾ ತಾತ?” ಅಂದಳು. “ಬಾಯಿ ತೆರ್ಕೊಂಡು ಕೂತೆ. ಹೊಗೆ ಒಳಗೆ ಹೋಗಲಿ ಅಂತ. ಹೊಗೆಗೆ ತೂಕ ಇರಲ್ಲ ಅಲ್ವಾ?”

ಈ ಸಾಲನ್ನು ನಾನು ಬರೆದದ್ದಲ್ಲ. ಅವಳು ಹೇಳಿದ್ದು. ಬರೆದಿದ್ದರೆ ನಾನು ನಾಚಿಕೆಯಿಂದ ಹೊಡೆದುಹಾಕುತ್ತಿದ್ದೆ.

ನೋಮು ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕೂತರು. ಆವಲಮ್ಮ ಬಡಿಸುತ್ತಿದ್ದಳು. ಬಗ್ಗಿ ಸಾರು ಬಿಡುವಾಗ ಅವಳ ಮುಂಗೈಗೆ ಆಗ ತಾನೇ ಕಟ್ಟಿದ್ದ ನೋಮುದಾರ ಜಾರಿ ಸಾರಿನ ಪಾತ್ರೆಯೊಳಕ್ಕೆ ಬಿತ್ತು. ಅವಳ ಮುಖ ಬಿಳುಚಿತು. ದಾರ ಬಿದ್ದರೆ ಅಪಶಕುನ. ಏನೋ ಅಂದುಕೊಂಡು ಅದನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಬಿಗಿಯಾಗಿ ಮತ್ತೆ ಕಟ್ಟಿಕೊಂಡಳು. ಮುತ್ಯಾಲಮ್ಮ ಒಂದು ಗಳಿಗೆ ಅವಳ ಕೈಯನ್ನೇ ನೋಡಿದಳು. ಏನೋ ಕೇಳಲು ಹೋಗಿ, ಅಷ್ಟರಲ್ಲಿ ಯಾರೋ ಮಜ್ಜಿಗೆ ಕೇಳಿದರು ಅಂತ ಎದ್ದು ಹೋದಳು.

ಆ ಶುಕ್ರವಾರ ಬಚ್ಚಲಲ್ಲಿ ಆವಲಮ್ಮ ಮಗಳನ್ನು ಎತ್ತಲು ಹೋದಳು. ಮಗಳ ಕಾಲು ನೆಲ ಬಿಟ್ಟು ಏಳಲಿಲ್ಲ. ಅವಳು ಅಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕೂತು ಅತ್ತಳು. “ಇಷ್ಟು ಭಾರ ಹೆಂಗಾದೆಯೇ? ಎಲ್ಲಿ ತಿಂತೀಯ? ಯಾರು ಕೊಡ್ತಾರೆ ನಿಂಗೆ? ಹೇಳೇ!”

“ಯಾರೂ ಕೊಟ್ಟಿಲ್ಲಮ್ಮ. ಆಣೆ.”

“ದೇವರು ಬಿಡಲ್ಲ ಕಣೇ. ನನ್ನ ಬಿಡಲ್ಲ ಅವನು.”

ರತ್ನ ತಾಯಿಯ ತಲೆ ನೇವರಿಸಿದಳು. ಹಸಿವಾಗುತ್ತಿತ್ತು. ಅದನ್ನು ಆ ಹೊತ್ತಿನಲ್ಲಿ ಹೇಳಬಾರದು ಅಂತ ಅವಳಿಗೆ ಗೊತ್ತಿತ್ತು.

೭ಕ್ಕೆ ಮುಂಚೆ

ಈಗ ಮುಕ್ತಾಯದ ಪ್ರಶ್ನೆ. ನನ್ನ ಹತ್ತಿರ ಎರಡು ರೆಡಿ ಇವೆ.

ಒಂದು: ಕಾರ್ತಿಕದ ಕೊನೆಯ ಶನಿವಾರ. ಬೆಟ್ಟ. ತಕ್ಕಡಿ ಸಮಕ್ಕೆ ಬಂದು ನಿಲ್ಲುತ್ತದೆ. ಎಲ್ಲರೂ ಗೋವಿಂದ ಅನ್ನುತ್ತಾರೆ. ಓದುಗರು ಕಣ್ಣೊರೆಸಿಕೊಂಡು ಪುಟ ತಿರುಗಿಸುತ್ತಾರೆ. ಸಂಪಾದಕರಿಗೆ ಇದು ಇಷ್ಟ.

ಎರಡು: ರತ್ನನ ತಟ್ಟೆ ದಡಕ್ಕನೆ ಕೆಳಕ್ಕಿಳಿಯುತ್ತದೆ, ಬೆಲ್ಲದ ತಟ್ಟೆ ಮೇಲಕ್ಕೆ. ಆವಲಮ್ಮ ಕಿವಿಯ ಓಲೆ ಬಿಚ್ಚಿ ಹಾಕುತ್ತಾಳೆ, ಮೂಗುತಿ ಹಾಕುತ್ತಾಳೆ, ಕೊನೆಗೆ ಒಂದು ತುಳಸಿದಳ ಹಾಕುತ್ತಾಳೆ, ತಟ್ಟೆ ಸಮವಾಗುತ್ತದೆ. ಇದು ನೀವು ಹರಿಕಥೆಯಲ್ಲಿ ಕೇಳಿದ್ದೇ. ನನಗೂ ಕದಿಯಲು ಒಂದು ಮಿತಿ ಇದೆ.

“ಎರಡರಲ್ಲೂ ನಾನು ಯಾವಾಗ ತಿಂತೀನಿ?” ಅಂತ ಕೇಳಿದಳು ರತ್ನ.

“ತೂಗಿದ ಮೇಲೆ. ಒಪ್ಪಿಸಿದ ಬೆಲ್ಲವನ್ನು ಪ್ರಸಾದ ಅಂತ ಹಂಚುತ್ತಾರಲ್ಲ.”

“ಗೊತ್ತು. ದಿನಾ ಮಂಕರಿ ಕೆಳಗೆ ಮಲಗಿ ಅದನ್ನೇ ಯೋಚನೆ ಮಾಡ್ತಿದ್ದೆ. ಯಾವ ಅಚ್ಚು ಮೊದಲು ಮುರೀಬೇಕು ಅಂತಾನೂ ಗುರುತು ಇಟ್ಕೊಂಡಿದ್ದೀನಿ. ನಿನ್ನ ಕಥೇಲಿ ತಕ್ಕಡಿ ನಿಂತ ತಕ್ಷಣ ಮುಗಿಸಿಬಿಡ್ತೀಯ. ತಿನ್ನೋದು ಬರೆಯೋದೇ ಇಲ್ಲ.”

ಮಾತು ನಿಜ. ಎರಡನ್ನೂ ಹರಿದುಹಾಕಿದೆ. ಮೂರನೆಯದು ಇಲ್ಲ. ಅವರನ್ನು ಬೆಟ್ಟ ಹತ್ತಿಸುತ್ತೇನೆ, ಏನಾಗುತ್ತದೋ ಆಗಲಿ.

೭

ಬೆಟ್ಟ ಹತ್ತಿದರು. ಸುಬ್ಬರಾಯಪ್ಪ ಮುಡಿಪಿನ ಮಂಕರಿ ಹೊತ್ತಿದ್ದ. ಮುತ್ಯಾಲಮ್ಮ ರತ್ನನ ಕೈ ಹಿಡಿದಿದ್ದಳು. ಆವಲಮ್ಮ ಹಿಂದೆ ಉಳಿದಳು, ಮೆಟ್ಟಿಲು ಮೆಟ್ಟಿಲಿಗೂ ಕೂತು ಎದ್ದು ಬಂದಳು. ಉಪವಾಸ ಇದ್ದಾಳೆ, ಹರಕೆಯ ದಿನ ಅಲ್ಲವೇ ಅಂತ ಎಲ್ಲರೂ ಅಂದುಕೊಂಡರು.

ಗುಡಿಯ ಮುಂದಿನ ಕಲ್ಲುಕಂಬಕ್ಕೆ ತಕ್ಕಡಿ ಕಟ್ಟಿದ್ದರು. ಅರ್ಚಕರು ಮಂತ್ರ ಹೇಳಿ, ಅರಿಶಿನದ ಬಟ್ಟೆಯ ಗಂಟು ಬಿಚ್ಚಿ, ಬೆಲ್ಲದ ಅಚ್ಚುಗಳನ್ನು ಒಂದು ತಟ್ಟೆಯಲ್ಲಿ ಜೋಡಿಸಿದರು. “ಮಗು ಕೂತ್ಕೊಳ್ಳಲಿ” ಅಂದರು.

ಆವಲಮ್ಮ ಕಣ್ಣು ಮುಚ್ಚಿಕೊಂಡಳು. ಕೈ ಮುಗಿದಿದ್ದಳು. “ತಪ್ಪಾಯ್ತು ಸ್ವಾಮೀ. ಎಷ್ಟು ತಡೆದೆ, ಆಗ್ಲಿಲ್ಲ. ನನ್ನ ತಗೊ, ಅವಳನ್ನ ಬಿಡು” ಅಂತ ಪಿಸುಗುಟ್ಟುತ್ತಿದ್ದಳು.

ರತ್ನ ತಟ್ಟೆಯಲ್ಲಿ ಕೂತಳು.

ಮೇಲಕ್ಕೆ ಹೋದಳು.

ನಾನು ಇದನ್ನು ಬರೆಯಬೇಕು ಅಂತ ಬರೆದದ್ದಲ್ಲ. ಹುಡುಗಿ ಕೂತ ತಟ್ಟೆ ಗಾಳಿಯಲ್ಲಿ ತೇಲಿತು, ಬೆಲ್ಲದ ತಟ್ಟೆ ಕೆಳಕ್ಕೆ ಹೋಗಿ ಕಲ್ಲಿಗೆ ತಗಲಿತು. ಜನ ಗೋವಿಂದಾ ಅಂದರು. ಸುಬ್ಬರಾಯಪ್ಪ ನಕ್ಕೇಬಿಟ್ಟ. “ಆವಲಾ, ನೋಡೇ! ದೇವರಿಗೆ ಹೆಚ್ಚಿಗೇನೇ ತಂದಿದ್ದೀವಿ!”

(ಹಿಂದಕ್ಕೆ ಹೋಗಿ ಓದಿ ನೋಡಿ. ಅವತ್ತು ತೂಗಿದ್ದು ಕಂಬಳಿ ಸಮೇತ. ಆ ಮನೆಯಲ್ಲಿ ಯಾರಿಗೂ ಅದು ನೆನಪಾಗಲಿಲ್ಲ. ಬರೆದವನು ನಾನು, ನನಗೂ ನೆನಪಾಗಲಿಲ್ಲ.)

ಆವಲಮ್ಮ ಕಣ್ಣು ಬಿಟ್ಟಳು. ಮಗಳು ಮೇಲೆ, ಬೆಲ್ಲ ಕೆಳಗೆ. ಅವಳಿಗೆ ನಂಬಿಕೆ ಬರಲಿಲ್ಲ. “ಇಲ್ಲ. ತಕ್ಕಡಿ ಸರಿ ಇಲ್ಲ. ನಾನು ಎತ್ತಿ ನೋಡಿದ್ದೀನಿ. ವಾರ ವಾರ ಎತ್ತಿ ನೋಡಿದ್ದೀನಿ. ಭಾರ ಐತೆ ಅವಳು” ಅಂದಳು. ಅನ್ನುತ್ತಾ ಮುಂದಕ್ಕೆ ಬಂದು, ಎಲ್ಲರಿಗೂ ತೋರಿಸುವವಳ ಹಾಗೆ ಮಗಳ ಸೊಂಟಕ್ಕೆ ಕೈ ಹಾಕಿ ಎತ್ತಲು ಹೋದಳು. ಆಗಲಿಲ್ಲ. ಬಳೆಗಳು ಮುಂಗೈಯಿಂದ ಜಾರಿ ಮೊಣಕೈವರೆಗೂ ಹೋದವು.

ಮುತ್ಯಾಲಮ್ಮ ಬಂದು ಅವಳ ತೋಳು ಹಿಡಿದಳು. ಹಿಡಿದ ಕೈಯ ಬೆರಳುಗಳು ತೋಳು ಸುತ್ತಿ ಒಂದಕ್ಕೊಂದು ತಗಲಿದವು.

“ಏನೇ ಇದು ಕೈ! ಆವಲಮ್ಮ, ನೀನು ಯಾವಾಗ ಉಂಡಿದ್ದು?”

ಅವಳು ಕೈ ಬಿಡಿಸಿಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು.

“ಹಬ್ಬದಲ್ಲಿ ಉಂಡ್ಯಾ? ನೋಮು ದಿನ ಉಂಡ್ಯಾ? ಎಲ್ಲಾರಿಗೂ ಇಕ್ಕಿ ಆಮೇಲೆ ತಿಂತೀನಿ ಅಂದ್ಯಲ್ಲ, ತಿಂದ್ಯಾ?”

“ಅವಳು ಹಸ್ಕೊಂಡು ಕೂತಿದ್ರೆ ನಾನು ಹೆಂಗೆ ತಿನ್ನಲಿ ಅತ್ತಿಗೆ” ಅಂದಳು 	ಆವಲಮ್ಮ. “ಗಂಟಲಲ್ಲಿ ಇಳೀಬೇಕಲ್ಲ.”

ಹಾಗಂದು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ಎಷ್ಟೋ ಹೊತ್ತು ನೋಡಿಕೊಂಡಳು. ಮಗಳು ವಾರ ವಾರ ಭಾರವಾದದ್ದು ಹೇಗೆ ಅಂತ ಅವಳಿಗೆ ಆಗ ಗೊತ್ತಾಯಿತು.

ನನಗೂ ಆಗಲೇ ಗೊತ್ತಾದದ್ದು. ಅಷ್ಟು ಹೊತ್ತೂ ನಾನು ಹುಡುಗಿಯ ಎಲೆಯನ್ನೇ ನೋಡುತ್ತಾ ಬರೆದೆ. ಇನ್ನೊಂದು ಎಲೆ ಎಲ್ಲಿ ಅಂತ ಕೇಳಲಿಲ್ಲ. ಆ ಊರಲ್ಲಿ ಯಾವ ಗಂಡಸೂ ಕೇಳಿರಲಿಲ್ಲ, ಅವರ ಜೊತೆಗೆ ನಾನೊಬ್ಬ.

ಆವಲಮ್ಮ ಬಗ್ಗಿದಳು. ದೇವರ ತಟ್ಟೆಯಿಂದ ಒಂದು ಅಚ್ಚು ಬೆಲ್ಲ ತೆಗೆದು ಕಲ್ಲಿಗೆ ಕುಟ್ಟಿ ಮುರಿದಳು.

“ಅಮ್ಮಾ, ಅಮ್ಮಾ!” ಅರ್ಚಕರು ಗಾಬರಿಯಾದರು. “ಇನ್ನೂ ನೈವೇದ್ಯ ಆಗಿಲ್ಲ. ತಟ್ಟೆ ಸಮ ಆಗಿಲ್ಲ. ಅದು ಇನ್ನೂ ದೇವರದು.”

“ಸಮ ಆಗ್ಬೇಕು ತಾನೆ ಸ್ವಾಮಿ? ಅದನ್ನೇ ಮಾಡ್ತಾ ಇದೀನಿ. ಆ ಕಡೆಯಿಂದ ತೆಗ್ದು ಈ ಕಡೆ ಹಾಕ್ತೀನಿ” ಅಂದಳು. ಅಂದು, ಗಾಳಿಯಲ್ಲಿ ತೂಗುತ್ತಿದ್ದ ಮಗಳ ಬಾಯಿಗೆ ಬೆಲ್ಲ ಇಟ್ಟಳು. “ತಿನ್ನೇ. ತಿನು ತಲ್ಲೀ. ತಿನ್ನು.”

ಯಾರೂ ತಡೆಯಲಿಲ್ಲ. ಅರ್ಚಕರು ದೇವರ ಕಡೆ ನೋಡಿದರು. ದೇವರು ಏನೂ ಹೇಳಲಿಲ್ಲ, ಅಥವಾ ಹೇಳಿದ್ದು ನನಗೆ ಕೇಳಲಿಲ್ಲ.

ರತ್ನ ತಿಂದಳು. ಮೊದಲನೇ ತುಂಡನ್ನು ಅಗಿಯಲೂ ಇಲ್ಲ, ಹಾಗೇ ನುಂಗಿದಳು. ಎರಡನೆಯದನ್ನು ಕಣ್ಣು ಮುಚ್ಚಿಕೊಂಡು ಚೀಪಿದಳು. ಮೂರನೆಯದನ್ನು ಕೈಯಲ್ಲಿ ತೆಗೆದುಕೊಂಡು, ತಟ್ಟೆಯಿಂದ ಬಗ್ಗಿ, ತಾಯಿಯ ತುಟಿಗೆ ಹಿಡಿದಳು.

“ನೀನು ತಿನ್ನಮ್ಮ.”

ಕೊನೆ, ಅಥವಾ ಅಲ್ಲ

ಸಂಪಾದಕರು ಮತ್ತೆ ಫೋನ್ ಮಾಡಿದ್ದರು. “ಲೇಖನ ಆಯ್ತಾ ಸಾರ್? ಕೊನೇಲಿ ಒಂದು ಪಾಸಿಟಿವ್ ಮೆಸೇಜ್ ಇರ್ಲಿ.” ಆಗಲಿ ಅನ್ನಲು ಹೋದೆ. ಬಾಯಿಂದ ‘ವದ್ದು’ ಅಂತ ಬಂತು. ಅವರಿಗೆ ತೆಲುಗು ಬರುವುದಿಲ್ಲ. ನಾನು ಬಿಡಿಸಿ ಹೇಳಲಿಲ್ಲ, ಫೋನ್ ಇಟ್ಟೆ.

ಈಗ ನೀವು ಕೇಳುತ್ತೀರಿ. ತಾಯಿ ಬಾಯಿ ತೆರೆದಳಾ? ತಟ್ಟೆ ಸಮಕ್ಕೆ ಬಂತಾ? ಸಮಕ್ಕೆ ಬರುವ ಮುಂಚೆ ದೇವರ ಬೆಲ್ಲ ಮುಟ್ಟಿದ್ದಕ್ಕೆ ಬಡ್ಡಿ ಬಿತ್ತಾ? ರತ್ನ ಬದುಕಿ, ಮದುವೆಯಾಗಿ, ಮಕ್ಕಳನ್ನು ಹೆತ್ತಳಾ? ಇವಕ್ಕೆಲ್ಲ ಉತ್ತರ ಬರೆಯಬಹುದು. ಪೆನ್ನಿನಲ್ಲಿ ಇಂಕು ಇದೆ. ನನಗೆ ದಣಿವಾಗಿದೆ ಅನ್ನುವುದು ನೆಪ, ಕಾರಣ ಅದಲ್ಲ.

ಸ್ಟೂಲು ಎಳೆದುಕೊಂಡು ಅಟ್ಟದ ಮೇಲಿನ ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದು ಕಾಗದದ ಪಕ್ಕದಲ್ಲಿಟ್ಟೆ. ಆಮೇಲೆ ಒಳಗೆ ಹೋಗಿ ಹೆಂಡತಿಯನ್ನು, “ನೀನು ಊಟ ಮಾಡಿದ್ಯಾ?” ಅಂತ ಕೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಏನಾದರೂ ಇದೆಯಾ ಅಂತ.

ವಾಪಸ್ಸು ಬಂದು ಕೂತು, ಪೂರ್ಣವಿರಾಮ ಹಾಕೋಣ ಅಂತ ಪೆನ್ನು ಎತ್ತಿದೆ. ಕಾಗದದ ಅಂಚಿನಿಂದ ಬಾಯಿ ತುಂಬ ಏನೋ ಇಟ್ಟುಕೊಂಡ ದನಿ ಬಂತು.

“ಮುಗಿಸಬೇಡ ತಾತ. ನೀನು ಮುಗಿಸಿದ್ರೆ ಎಲೆ ಎತ್ತಿಬಿಡ್ತಾರೆ. ಇನ್ನೂ ತಿಂತಾ ಇದೀವಿ.”

ಪೆನ್ನು ಕೆಳಗಿಟ್ಟೆ. ಅವರಿನ್ನೂ ತಿನ್ನುತ್ತಿದ್ದಾರೆ